ಮನೆಯಲ್ಲಿಯೇ ಪಾಸ್‌ಪೋರ್ಟ್ ಫೋಟೊ

ಗ್ರಾಂಟ್ ರೋಡಿನ ನಮ್ಮ ಖೋಲಿಯ ಗೋಡೆಯ ಮೇಲೆ, ದೇವರ ಪಟಗಳ ಸಾಲಿನಿಂದ ಮೊಳದಷ್ಟು ಈಚೆಗೆ, ನನ್ನ ಅಜ್ಜಿಯ ಭಾವಚಿತ್ರವೊಂದು ತೂಗುತ್ತಿದೆ. ಅಜ್ಜಿ ಮಾತಿಗೊಮ್ಮೆ ನಗುವ ಹೆಂಗಸು; ನಕ್ಕರೆ ಅಂಗಳ ದಾಟಿ ತೋಟದಲ್ಲಿದ್ದವರಿಗೂ ಕೇಳಿಸುತ್ತಿತ್ತು. ಚಿತ್ರದಲ್ಲಿರುವಾಕೆ ಮಾತ್ರ ಯಾರೋ ಗದರಿಸಿದ ಹಾಗೆ ಕಣ್ಣರಳಿಸಿ, ತುಟಿ ಬಿಗಿದು ನಮ್ಮನ್ನೇ ನೋಡುತ್ತಾಳೆ. ಕಾರಣವಿಷ್ಟೇ: ೧೯೯೬ರಲ್ಲಿ ಆಕೆ ಊರಿನಲ್ಲಿ ತೀರಿಕೊಂಡಾಗ ಅವಳದೆಂದು ಹೇಳಿಕೊಳ್ಳಲು ಮನೆಯಲ್ಲಿದ್ದದ್ದು ಮತದಾರರ ಗುರುತಿನ ಚೀಟಿಯ ಮೇಲಿನ ಪುಟ್ಟ ಚಿತ್ರವೊಂದೇ. ಟಿ. ಎನ್. ಶೇಷನ್ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, ೧೯೯೩ರಲ್ಲಿ ಆರಂಭವಾದ ಚೀಟಿ ಅದು. ಶಾಲೆಯ ಜಗಲಿಯಲ್ಲಿ ಊರವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೂರಿಸಿ, ‘ಅಲ್ಲಾಡಬೇಡಿ’ ಎಂದು ಫೋಟೊ ಹೊಡೆದರಂತೆ. ಸ್ಟುಡಿಯೋದವನು ಅದನ್ನೇ ಹಿಗ್ಗಿಸಿ, ಹಿಂದೆ ನೀಲಿ ಬಣ್ಣ ತುಂಬಿ, ಇಲ್ಲದ ಸೆರಗನ್ನು ಕುಂಚದಿಂದ ಬರೆದು, ಚೌಕಟ್ಟು ಹಾಕಿ ಕೊಟ್ಟನು. ಮೂವತ್ತು ವರ್ಷಗಳಿಂದ ನಾವು ಹೂ ಮುಡಿಸುತ್ತಿರುವುದು ಆ ಗಾಬರಿಯ ಮುಖಕ್ಕೆ.

ಪಾಸ್‌ಪೋರ್ಟ್ ಅಳತೆಯ ಫೋಟೊದ ವಿಷಯ ಬರೆಯಹೊರಟು ಅಜ್ಜಿಯ ಮಾತೇಕೆ ಎಂದು ವಾಚಕರು ಕೇಳಬಹುದು. ನಮ್ಮಂಥ ಮನೆಗಳಲ್ಲಿ ಕಚೇರಿಗೆಂದು ತೆಗೆಸಿದ ಚಿತ್ರವೇ ಕೊನೆಗೆ ಗೋಡೆ ಏರುವುದು. ಊರು ಬಿಟ್ಟು ಬಂದವರ ವಿಷಯದಲ್ಲಂತೂ ಇದು ಇನ್ನೂ ಹೆಚ್ಚು ನಿಜ. ನನ್ನ ಅಪ್ಪ ೧೯೫೮ರಲ್ಲಿ ಕುಂದಾಪುರದ ಕಡೆಯಿಂದ ಹದಿನಾಲ್ಕರ ಹುಡುಗನಾಗಿ ಇಲ್ಲಿಗೆ ಬಂದು, ಹೋಟೆಲೊಂದರಲ್ಲಿ ಲೋಟ ತೊಳೆಯುತ್ತ ರಾತ್ರಿಶಾಲೆಗೆ ಹೋದವರು. ಅವರ ಮೊದಲ ಫೋಟೊ ತೆಗೆಸಿದ್ದೂ ಒಂದು ಅರ್ಜಿಗಾಗಿಯೇ. ಮೂರು ಪ್ರತಿ ಬಂದವು. ಒಂದು ಅರ್ಜಿಗೆ ಹೋಯಿತು, ಒಂದು ಟ್ರಂಕಿನ ತಳಕ್ಕೆ, ಇನ್ನೊಂದು ಕಾಗದದೊಳಗೆ ಸೇರಿ ಊರಿಗೆ. ಆ ಚಿತ್ರದಲ್ಲಿ ಅಪ್ಪ ಕೋಟು ತೊಟ್ಟಿದ್ದಾರೆ. ಕೋಟು ಸ್ಟುಡಿಯೋದವನದು, ಬಂದವರಿಗೆಲ್ಲ ಅದನ್ನೇ ತೊಡಿಸುತ್ತಿದ್ದನಂತೆ. ಊರಿನಲ್ಲಿ ಮಾತ್ರ ‘ಮಾಣಿ ಬೊಂಬಾಯಿಯಲ್ಲಿ ಕೋಟು ಹೊಲಿಸಿದ’ ಎಂಬ ಸುದ್ದಿ ಹಬ್ಬಿತು. ಶ್ರೀಮಂತರಿಗೆ ಬಲ್ಲಾರ್ಡ್ ಎಸ್ಟೇಟಿನಲ್ಲಿ ೧೯೨೮ರಲ್ಲಿ ಸ್ಥಾಪನೆಯಾದ ಹ್ಯಾಮಿಲ್ಟನ್ ಸ್ಟುಡಿಯೋ ಇತ್ತು. ನಮ್ಮವರಿಗೆ ಗಲ್ಲಿಯ ಮೂಲೆಯ ಸ್ಟುಡಿಯೋ, ಎರವಲು ಕೋಟು.

ಇಷ್ಟಕ್ಕೂ ಪಾಸ್‌ಪೋರ್ಟಿಗೆ ಚಿತ್ರ ಅಂಟಿಸುವ ಪದ್ಧತಿ ಬಹಳ ಹಳೆಯದೇನಲ್ಲ. ನಮ್ಮ ಗ್ರಾಂಟ್ ರೋಡ್ ಸ್ಟೇಶನ್ನಿನೆದುರಿಗೆ ಮೇರ್ವಾನ್ ಇರಾನಿ ಹೋಟೆಲು ತೆರೆದದ್ದು ೧೯೧೪ರಲ್ಲಿ. ಅದೇ ವರ್ಷ ಯುರೋಪಿನಲ್ಲಿ ಮೊದಲ ಮಹಾಯುದ್ಧ ಹೊತ್ತಿಕೊಂಡಿತು. ಕಾರ್ಲ್ ಲೋಡಿ ಎಂಬ ಜರ್ಮನ್ ಗೂಢಚಾರನು ಚಾರ್ಲ್ಸ್ ಇಂಗ್ಲಿಸ್ ಎಂಬ ಅಮೆರಿಕನ್ನನ ಪಾಸ್‌ಪೋರ್ಟನ್ನು ಹಿಡಿದುಕೊಂಡು ಬ್ರಿಟನ್ನಿಗೆ ನುಸುಳಿದನು. ಆ ಕಾಗದದಲ್ಲಿ ಚಿತ್ರವೇ ಇಲ್ಲದಿದ್ದುದರಿಂದ ಲೋಡಿಯೇ ಇಂಗ್ಲಿಸ್ ಎಂದು ನಂಬುವುದು ಸುಲಭವಾಯಿತು. ಕೊನೆಗೆ ಸಿಕ್ಕಿಬಿದ್ದು, ಆ ವರ್ಷದ ನವೆಂಬರಿನಲ್ಲಿ ಲಂಡನ್ ಟವರಿನಲ್ಲಿ ಗುಂಡಿಗೆ ಬಲಿಯಾದನು. ಮರುತಿಂಗಳೇ ಅಮೆರಿಕ ತನ್ನ ಪಾಸ್‌ಪೋರ್ಟಿಗೆ ಚಿತ್ರ ಕಡ್ಡಾಯ ಮಾಡಿತು. ಬ್ರಿಟನ್ ಅದನ್ನು ಹಿಂಬಾಲಿಸಿತು. ಮೊದಮೊದಲು ಜನ ಟೋಪಿ ಇಟ್ಟುಕೊಂಡ ಚಿತ್ರ, ಮನೆಮಂದಿಯ ಗುಂಪುಚಿತ್ರದಿಂದ ಕತ್ತರಿಸಿದ ತುಂಡು, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿ ಕಳಿಸುತ್ತಿದ್ದರು. ನಿಯಮಗಳು ಬಿಗಿಯಾದದ್ದು ನಿಧಾನವಾಗಿ. ಯಂತ್ರ ಓದಬಲ್ಲ ಪಾಸ್‌ಪೋರ್ಟ್ ಹೇಗಿರಬೇಕೆಂದು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯವರು ಮೊದಲ ಬಾರಿಗೆ ಪ್ರಕಟಿಸಿದ್ದು ೧೯೮೦ರಲ್ಲಿ. ಈಗಂತೂ ನಮ್ಮ ಮುಖವನ್ನು ಮನುಷ್ಯರಿಗಿಂತ ಮೊದಲು ಯಂತ್ರವೇ ನೋಡುತ್ತದೆ. ಕಣ್ಣಿಗೂ ಕಣ್ಣಿಗೂ ಇರುವ ಅಂತರ, ಮೂಗಿನ ಉದ್ದ, ಗಲ್ಲದ ಅಂಚು, ಇವನ್ನು ಅಳೆಯುವುದು ಅದರ ಕೆಲಸ. ನಗಬಾರದು, ಓರೆಯಾಗಬಾರದು, ನೆರಳು ಬೀಳಬಾರದು ಎನ್ನುವುದೆಲ್ಲ ಈ ಅಳತೆಗಾಗಿ. ಅಧಿಕಾರಿಗಳ ಮೊಂಡುತನ ಎಂದು ನಾನೂ ಬಹುಕಾಲ ಬೈದುಕೊಂಡಿದ್ದೆ.

ಇನ್ನು ನಮ್ಮ ಮನೆಯ ಪ್ರಸಂಗ. ಮಗಳು ಚೊಚ್ಚಲ ಬಾಣಂತನಕ್ಕೆಂದು ನಮ್ಮಲ್ಲಿಗೆ ಬಂದಿದ್ದಳು. ಅಳಿಯಂದಿರು ಮಸ್ಕತ್ತಿನಲ್ಲಿ ನೌಕರಿಯಲ್ಲಿದ್ದಾರೆ. ಮಗುವಿಗೆ ಮೂರು ತಿಂಗಳು ತುಂಬುತ್ತಲೂ ಅದರ ಪಾಸ್‌ಪೋರ್ಟಿನ ಮಾತು ಬಂತು. ಈಗ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ದೊಡ್ಡವರ ಫೋಟೊವನ್ನು ಕೌಂಟರಿನಲ್ಲಿ ಅವರೇ ತೆಗೆದುಕೊಳ್ಳುತ್ತಾರೆ. ನಮ್ಮ ಪ್ರಾಯದವರು ಹಳೆಯ ಅಭ್ಯಾಸಬಲದಿಂದ ಲಕೋಟೆಯಲ್ಲಿ ಆರು ಪ್ರತಿ ಒಯ್ದು ಹಾಗೆಯೇ ವಾಪಸು ತರುವುದುಂಟು. ಆದರೆ ನಾಲ್ಕು ವರ್ಷಕ್ಕಿಂತ ಕೆಳಗಿನ ಮಕ್ಕಳಿಗೆ ಮಾತ್ರ ಬಿಳಿ ಹಿನ್ನೆಲೆಯ, ೪.೫ ಸೆಂಟಿಮೀಟರ್ ಎತ್ತರ, ೩.೫ ಸೆಂಟಿಮೀಟರ್ ಅಗಲದ ಚಿತ್ರವನ್ನು ನಾವೇ ಒಯ್ಯಬೇಕು. ಹೊರಗೆ ಸುರಿಯುವ ಮಳೆ. ಮೂರನೆಯ ಮಾಳಿಗೆಯಿಂದ ಜಾರುವ ಮರದ ಮೆಟ್ಟಿಲಿಳಿದು, ಭಾಜಿ ಗಲ್ಲಿಯ ಕೆಸರು ದಾಟಿ ಎಳೆಗೂಸನ್ನು ಸ್ಟುಡಿಯೋಗೆ ಒಯ್ದೆವು. ಫ್ಲಾಶ್ ಮಿಂಚಿದ್ದೇ ತಡ, ಮಗು ಕಿಟಾರನೆ ಕಿರುಚಿ ನೀಲಿಗಟ್ಟಿತು. ಮಗಳು ಅತ್ತಳು. ‘ಮನೆಯಲ್ಲೇ ತೆಗೆದರೆ ಆಗದೆ?’ ಎಂದಳು ನನ್ನ ಹೆಂಡತಿ.

ಆಗುತ್ತದೆ, ನನ್ನ ಹಾಗೆ ಮಾಡದಿದ್ದರೆ. ಮೊದಲ ದಿನ ನಾನು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ಹೆಂಡತಿ ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಿಹಿಡಿದಳು. ಅವಳ ಹಿಂದೆ ಗೋಡೆಗೆ ಅಂಟಿದ ಹಾಗೆ ಚಾದರ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ, ಮೊಬೈಲನ್ನು ಮಗುವಿನ ಮೂಗಿಗೆ ತಾಗುವಷ್ಟು ಹತ್ತಿರ ಒಯ್ದು ತೆಗೆದೆ. ಚರ್ಮವನ್ನು ನುಣುಪು ಮಾಡುವ ಸೌಲಭ್ಯ ಅದರಲ್ಲಿ ತಾನಾಗಿಯೇ ಓಡುತ್ತಿತ್ತು, ನನಗೆ ಗೊತ್ತಿರಲಿಲ್ಲ. ಚಿತ್ರ ನಮ್ಮೆಲ್ಲರ ಕಣ್ಣಿಗೆ ಬಹಳ ಮುದ್ದಾಗಿಯೇ ಕಂಡಿತು. ಕೌಂಟರಿನಲ್ಲಿದ್ದ ಹುಡುಗಿ ಅದನ್ನು ಎತ್ತಿ ನೋಡಿ, ‘ಕಾಕಾ, ಹಾತ್ ದಿಸ್ತೋಯ್’ ಎಂದಳು. ನೋಡುತ್ತೇನೆ, ಮಗುವಿನ ತೋಳಿನಡಿ ನನ್ನ ಹೆಂಡತಿಯ ನಾಲ್ಕು ಬೆರಳುಗಳು, ಒಂದರಲ್ಲಿ ಉಂಗುರ ಸಹಿತ. ಹಿಂದೆ ಕಪ್ಪು ನೆರಳು. ಅಂದಿನ ಕೆಲಸ ಅಲ್ಲಿಗೇ ನಿಂತಿತು. ಅಳಿಯಂದಿರು ಫೋನಿನಲ್ಲಿ ಏನೂ ಅನ್ನಲಿಲ್ಲ; ಅನ್ನದೆ ಇದ್ದದ್ದೇ ನನಗೆ ಹೆಚ್ಚು ತಾಗಿತು. ಮಗುವಿನ ಮುಖವನ್ನು ಅವರು ಇನ್ನೂ ಪರದೆಯ ಮೇಲೆ ಮಾತ್ರ ನೋಡಿದ್ದರು.

ಎರಡನೆಯ ಸಲ ಪಾಠ ಓದಿಕೊಂಡು ಕುಳಿತೆ. ಮೊದಲನೆಯದು ಬೆಳಕು. ಚಾಳಿನಲ್ಲಿರುವ ನಮಗೆ ಇದರಲ್ಲಿ ಒಂದು ಭಾಗ್ಯವಿದೆ: ಮುಂದಿನ ಗ್ಯಾಲರಿ. ಬೆಳಿಗ್ಗೆ ಒಂಬತ್ತರಿಂದ ಹತ್ತರವರೆಗೆ, ಬಿಸಿಲು ನೇರವಾಗಿ ಬೀಳದ ಹೊತ್ತಿನಲ್ಲಿ, ಬಾಗಿಲಿನಿಂದ ಒಳಬರುವ ಮೆತ್ತನೆಯ ಬೆಳಕಿಗಿಂತ ಒಳ್ಳೆಯ ದೀಪ ಯಾವ ಸ್ಟುಡಿಯೋದಲ್ಲೂ ಇಲ್ಲ. ಮೋಡ ಕವಿದ ದಿನ ಇನ್ನೂ ಉತ್ತಮ. ಕೂರುವವರು ಬಾಗಿಲಿಗೆ ಮುಖಮಾಡಿರಬೇಕು. ಬೆಳಕು ಬರಿಯ ಒಂದು ಕಿವಿಯ ಕಡೆಯಿಂದ ಬಂದರೆ ಇನ್ನೊಂದು ಕೆನ್ನೆ ಕಪ್ಪಾಗುತ್ತದೆ. ಮನೆಯ ಟ್ಯೂಬ್‌ಲೈಟನ್ನು ಆರಿಸಿಬಿಡಬೇಕು. ಹಗಲು ಬೆಳಕಿನ ಬಣ್ಣವೇ ಬೇರೆ, ದೀಪದ್ದೇ ಬೇರೆ. ಎರಡೂ ಕೂಡಿದರೆ ಮುಖದ ಒಂದು ಪಾಲು ಹಸಿರಾಗಿ ಕಾಣುತ್ತದೆ. ಗ್ಯಾಲರಿಯಲ್ಲಿ ನೆರೆಯವರು ಒಣಹಾಕಿದ ಕೆಂಪು ಸೀರೆಯೂ ಹಾಗೆಯೇ. ಅದರ ಕೆಂಪು ಬಂದು ಕೆನ್ನೆಗೆ ಬಡಿಯುತ್ತದೆ. ಅರ್ಧ ಗಂಟೆ ಅದನ್ನು ಸರಿಸಿಕೊಳ್ಳಿರೆಂದು ಕೇಳಿದರೆ ಯಾರೂ ಇಲ್ಲವೆನ್ನರು. ಕಾರಣ ಕೇಳಿ ಎಲ್ಲರೂ ನೋಡಲು ಬಂದು ನಿಲ್ಲುವರು, ಅದಕ್ಕೆ ಸಿದ್ಧರಿರಬೇಕು.

ಹಿನ್ನೆಲೆಗೆ ಬಿಳಿಯ ಚಾದರ, ಹೂವು ಗೆರೆ ಇಲ್ಲದ್ದು, ಚೆನ್ನಾಗಿ ಇಸ್ತ್ರಿ ಮಾಡಿದ್ದು. ಮುದುರಿದ ಗೆರೆಗಳು ಚಿತ್ರದಲ್ಲಿ ಬಿರುಕಿನ ಹಾಗೆ ಕಾಣುತ್ತವೆ. ಕೂರುವವರು ಚಾದರಕ್ಕೆ ಒರಗಬಾರದು, ಎರಡಡಿಯಾದರೂ ಮುಂದಕ್ಕೆ ಸ್ಟೂಲು ಹಾಕಬೇಕು. ಆಗ ನೆರಳು ಬಿದ್ದರೂ ಚಾದರದ ಮೇಲೆ ಬೀಳದೆ ನೆಲಕ್ಕೆ ಹೋಗುತ್ತದೆ. ಬಿಳಿ ಅಂಗಿ, ಬಿಳಿ ಸೀರೆ ಬೇಡ. ಬಿಳಿಯೊಳಗೆ ಬಿಳಿ ಕರಗಿ, ತಲೆಯೊಂದೇ ಗಾಳಿಯಲ್ಲಿ ತೇಲುವಂತಾಗುತ್ತದೆ.

ದೂರದ ವಿಷಯ ಬಹಳ ಜನಕ್ಕೆ ತಿಳಿಯದು. ತನ್ನ ಚಿತ್ರವನ್ನು ತಾನೇ ಕೈಚಾಚಿ ತೆಗೆದುಕೊಳ್ಳುವುದು ಪಾಸ್‌ಪೋರ್ಟಿಗೆ ಎಂದೂ ಸಲ್ಲದು. ೨೦೧೮ರಲ್ಲಿ ಅಮೆರಿಕದ ವೈದ್ಯರು ಲೆಕ್ಕ ಹಾಕಿ ಪ್ರಕಟಿಸಿದಂತೆ, ಹನ್ನೆರಡು ಅಂಗುಲ ದೂರದಿಂದ ತೆಗೆದ ಚಿತ್ರದಲ್ಲಿ ಮೂಗು, ಐದಡಿ ದೂರದ ಚಿತ್ರಕ್ಕಿಂತ ಸುಮಾರು ಶೇಕಡ ೩೦ರಷ್ಟು ಅಗಲವಾಗಿ ತೋರುತ್ತದೆ. ಕ್ಯಾಮರಾಕ್ಕೆ ಹತ್ತಿರವಿರುವುದು ದೊಡ್ಡದು, ಹಿಂದಿರುವ ಕಿವಿ ಸಣ್ಣದು, ಅಷ್ಟೇ ರಹಸ್ಯ. ಆದುದರಿಂದ ಐದಡಿ ದೂರ ನಿಂತು, ಮೊಬೈಲನ್ನು ಕೂತವರ ಕಣ್ಣಿನ ಮಟ್ಟಕ್ಕೆ ಹಿಡಿದು, ಬೇರೊಬ್ಬರು ತೆಗೆಯಬೇಕು. ನನ್ನ ತಮ್ಮನ ಮಗ ಲ್ಯಾಮಿಂಗ್ಟನ್ ರೋಡಿನಿಂದ ಮೂರು ಕಾಲಿನ ಪುಟ್ಟ ಸ್ಟ್ಯಾಂಡೊಂದನ್ನು ತಂದುಕೊಟ್ಟ. ಅದಿಲ್ಲದಿದ್ದರೆ ಸ್ಟೂಲಿನ ಮೇಲೆ ಅಕ್ಕಿಡಬ್ಬಿ ಇಟ್ಟು ಒರಗಿಸಿದರೂ ನಡೆಯುತ್ತದೆ. ತಲೆಯ ಸುತ್ತ ಸಾಕಷ್ಟು ಜಾಗ ಬಿಟ್ಟೇ ತೆಗೆಯಬೇಕು. ಹೆಚ್ಚಾದುದನ್ನು ಆಮೇಲೆ ಕತ್ತರಿಸಬಹುದು, ಇಲ್ಲದುದನ್ನು ಸೇರಿಸಲಾಗದು.

ಮಗುವಿನದು ಬೇರೆ ವಿಧಾನ. ಬಾಗಿಲ ಬಳಿ ನೆಲಕ್ಕೆ ಹಾಸಿಗೆ ಹಾಸಿ, ಮೇಲೆ ಬಿಳಿ ಚಾದರ ಬಿಗಿಯಾಗಿ ಹರಡಿ, ಮಗುವನ್ನು ಅಂಗಾತ ಮಲಗಿಸಬೇಕು. ತೆಗೆಯುವವರು ಮೇಲಿನಿಂದ ಬಗ್ಗಿ, ತಮ್ಮ ನೆರಳು ಮಗುವಿನ ಮೇಲೆ ಬೀಳದ ಹಾಗೆ ಕಾಲು ಅಗಲಿಸಿ ನಿಲ್ಲಬೇಕು. ಬೆನ್ನುನೋವಿರುವವರು ಮನೆಯ ಹುಡುಗರಿಗೆ ಬಿಟ್ಟುಕೊಡುವುದು ಲೇಸು. ಹಾಲು ಕುಡಿದು ಅರ್ಧ ಗಂಟೆ ಕಳೆದ ಮೇಲಿನ ಹೊತ್ತು ಪ್ರಶಸ್ತ. ಎಣ್ಣೆಸ್ನಾನದ ದಿನ ಬೇಡ, ಹಣೆ ಕನ್ನಡಿಯಂತೆ ಹೊಳೆಯುತ್ತದೆ. ಬಾಯಲ್ಲಿ ಏನೂ ಇರಬಾರದು, ಕೈಯಲ್ಲಿ ಗಿಲಕಿ ಇರಬಾರದು. ಗಿಲಕಿಯನ್ನು ಮೊಬೈಲಿನ ಹಿಂದೆಯೇ ಆಡಿಸಿದರೆ ಕಣ್ಣು ಅಲ್ಲಿಗೆ ಬರುತ್ತದೆ.

ಇಲ್ಲಿಯೇ ನಮ್ಮ ಮನೆಯಲ್ಲಿ ಯುದ್ಧ ಹತ್ತಿದ್ದು. ಮಗುವಿನ ಕೆನ್ನೆಯಲ್ಲಿ ರೂಪಾಯಿ ಅಗಲದ ದೃಷ್ಟಿಬೊಟ್ಟು. ಅದನ್ನು ಒರಸಬೇಕೆಂದು ಮಗಳು, ಇಡೀ ಚಾಳೇ ನೆರೆದು ನೋಡುತ್ತಿರುವಾಗ ಒರಸಕೂಡದೆಂದು ನನ್ನ ಹೆಂಡತಿ. ‘ಅದು ಮಚ್ಚೆ ಅಂತ ಬರೆದುಕೊಂಡರೆ ಏನು ಮಾಡುತ್ತೀ ಅಮ್ಮಾ?’ ಎಂದಳು ಮಗಳು. ಎಂಬತ್ತನಾಲ್ಕು ವರ್ಷದ ನನ್ನ ತಾಯಿ ಮಂಚದ ಮೇಲಿಂದಲೇ ತೀರ್ಪು ಕೊಟ್ಟಳು: ‘ಕಾಲಿನ ಅಡಿಗೆ ಇಡಿ. ಫೋಟೊದಲ್ಲಿ ಕಾಲು ಬರುವುದಿಲ್ಲವಲ್ಲ?’ ಬೊಟ್ಟು ಅಂಗಾಲಿಗೆ ಇಳಿಯಿತು. ನಲವತ್ತು ಸಲ ಒತ್ತಿದ್ದರಲ್ಲಿ ಎರಡು ಚಿತ್ರಗಳು ಸರಿಯಾದವು. ಕಣ್ಣು ತೆರೆದು, ಬಾಯಿ ಮುಚ್ಚಿ, ಮುಖ ನೇರ. ಚರ್ಮ ನುಣುಪು ಮಾಡುವ ಸೌಲಭ್ಯವನ್ನು ಈ ಸಲ ಮೊದಲೇ ಮುಚ್ಚಿದ್ದೆ.

ಅಚ್ಚು ಹಾಕಿಸುವಲ್ಲಿ ಒಂದು ಉಪಾಯವಿದೆ. ನಾಲ್ಕು ಅಂಗುಲ ಅಗಲ, ಆರು ಅಂಗುಲ ಉದ್ದದ ಸಾಮಾನ್ಯ ಫೋಟೊ ಕಾಗದದಲ್ಲಿ ೩೫ಕ್ಕೆ ೪೫ ಮಿಲಿಮೀಟರಿನ ಎಂಟು ಚಿತ್ರಗಳು ಕೂರುತ್ತವೆ, ನಾಲ್ಕು ನಾಲ್ಕರ ಎರಡು ಸಾಲಾಗಿ. ಎಂಟನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಒಯ್ದರೆ ಅಂಗಡಿಯಲ್ಲಿ ಒಂದೇ ಪ್ರಿಂಟಿನ ದುಡ್ಡು. ಅಮೆರಿಕದ ವೀಸಾಕ್ಕೆ ಬೇಕಾಗುವ ಎರಡು ಅಂಗುಲ ಚೌಕದವಾದರೆ ಅದೇ ಕಾಗದದಲ್ಲಿ ಆರು. ಮನೆಯ ಶಾಯಿಯ ಪ್ರಿಂಟರಿನಲ್ಲಿ ಸಾದಾ ಕಾಗದಕ್ಕೆ ಹಾಕಿದರೆ ಬೆವರು ಕೈ ತಾಗಿದೊಡನೆ ಮಸುಕಾಗುತ್ತದೆ. ಕತ್ತರಿಸಲು ಕತ್ತರಿ ಬೇಡ. ಸ್ಟೀಲಿನ ಅಡಿಪಟ್ಟಿ, ಹೊಸ ಬ್ಲೇಡು. ಪಿನ್ನು ಚುಚ್ಚಬೇಡಿ.

ಮಕ್ಕಳು ಹೊರದೇಶಗಳಲ್ಲಿರುವ ವಾಚಕರು ಒಂದೊಂದು ದೇಶದ ರೀತಿಯನ್ನೂ ವಿಚಾರಿಸಿಕೊಳ್ಳಬೇಕು. ಅಮೆರಿಕದವರು ಮನೆಯಲ್ಲಿ ತೆಗೆದುದನ್ನು ಒಪ್ಪುತ್ತಾರೆ, ಆದರೆ ತಲೆ ಒಂದು ಅಂಗುಲದಿಂದ ಒಂದೂ ಮುಕ್ಕಾಲರ ಆಸುಪಾಸು ಇದ್ದರೆ ಆಯಿತು ಎಂದು ಯಾರೋ ನನಗೆ ಹೇಳಿದ್ದು ತಪ್ಪು. ಗಲ್ಲದಿಂದ ನೆತ್ತಿಯವರೆಗೆ ೨೫ರಿಂದ ೩೫ ಮಿಲಿಮೀಟರ್ ಮಾತ್ರ. ೨೦೧೬ರ ನವೆಂಬರಿನಿಂದ ಅಲ್ಲಿಗೆ ಕನ್ನಡಕ ಹಾಕಿಕೊಂಡ ಚಿತ್ರ ನಡೆಯುವುದಿಲ್ಲ. ಯುರೋಪಿನ ಷೆಂಗೆನ್ ವೀಸಾಕ್ಕೆ ೩೫ಕ್ಕೆ ೪೫ ಮಿಲಿಮೀಟರಿನ ಚಿತ್ರದಲ್ಲಿ ಮುಖವೇ ಶೇಕಡ ೭೦ರಿಂದ ೮೦ ತುಂಬಿರಬೇಕು. ಕೆನಡಾದ ಪಾಸ್‌ಪೋರ್ಟಿಗೆ ಮನೆಯ ಚಿತ್ರ ಸಲ್ಲದು, ವೃತ್ತಿಯ ಫೋಟೊಗ್ರಾಫರನೇ ತೆಗೆದಿರಬೇಕು. ಎರಡು ಮುಖಗಳನ್ನು ಬೆರೆಸಿ ಒಂದು ಮಾಡುವ ಮೋಸ ಹೆಚ್ಚಿದ್ದರಿಂದ ಜರ್ಮನಿಯವರು ೨೦೨೫ರ ಮೇ ತಿಂಗಳಿನಿಂದ ತಮ್ಮ ನಾಗರಿಕರ ಪಾಸ್‌ಪೋರ್ಟಿಗೆ ಕಾಗದದ ಚಿತ್ರವನ್ನೇ ನಿಲ್ಲಿಸಿದ್ದಾರೆ. ಹೊರದೇಶಗಳಲ್ಲಿರುವ ನಮ್ಮ ಭಾರತೀಯ ದೂತಾವಾಸಗಳಲ್ಲಿಯೂ ೨೦೨೫ರ ಸೆಪ್ಟೆಂಬರ್ ೧ರಿಂದ ಹೊಸ ಕಟ್ಟಳೆ: ಮುಖ ಶೇಕಡ ೮೦ರಿಂದ ೮೫ ತುಂಬಿರಬೇಕು, ಒಂದೂವರೆ ಮೀಟರ್ ದೂರದಿಂದ ತೆಗೆದಿರಬೇಕು, ಕಂಪ್ಯೂಟರಿನಲ್ಲಿ ತಿದ್ದಿರಬಾರದು. ಒಂದೂವರೆ ಮೀಟರ್ ಎಂದರೆ ನಮ್ಮ ಐದಡಿಯೇ.

ಎರಡನೆಯ ಸಲ ಕೌಂಟರಿನಲ್ಲಿ ಯಾರೂ ಏನೂ ಅನ್ನಲಿಲ್ಲ. ಚಿತ್ರವನ್ನು ತೆಗೆದುಕೊಂಡರು, ಅಷ್ಟೆ. ನನಗೆ ಎಸ್.ಎಸ್.ಎಲ್.ಸಿ. ಪಾಸಾದಷ್ಟು ಸಂತೋಷವಾಯಿತು.

ಹೇಳದೆ ಉಳಿದದ್ದು ಒಂದಿದೆ. ಅಂದು ಮಗುವಿನ ಚಿತ್ರ ಮುಗಿದು, ನೆಲದ ಚಾದರವನ್ನು ಕೊಡವಿ ಮಡಿಸಲು ಹೊರಟಾಗ ಅಮ್ಮ, ‘ಅದನ್ನು ಸ್ವಲ್ಪ ಗೋಡೆಗೆ ಕಟ್ಟು. ನನ್ನದೂ ಒಂದು ತೆಗೆ’ ಎಂದಳು.

‘ನಿನಗೆ ಯಾವ ಅರ್ಜಿಗೆ ಅಮ್ಮಾ?’

‘ಅರ್ಜಿಗಲ್ಲ. ಗೋಡೆಗೆ.’

ಖೋಲಿಯಲ್ಲಿ ಯಾರೂ ಮಾತನಾಡಲಿಲ್ಲ. ಅಮ್ಮ ಮಾತ್ರ ಅಜ್ಜಿಯ ಪಟದ ಕಡೆ ಕೈ ತೋರಿಸಿ, ‘ನಮ್ಮ ಅತ್ತೆಯ ಹಾಗೆ ಎಲ್ಲರನ್ನೂ ದುರುಗುಟ್ಟಿಕೊಂಡು ಅಷ್ಟು ವರ್ಷ ನಿಲ್ಲಲು ನನ್ನಿಂದಾಗದಪ್ಪಾ. ಈಗಲೇ ಸರಿಯಾಗಿ ತೆಗೆದಿಡು’ ಎಂದಳು. ಹೆಂಡತಿ ಹೋಗಿ ಗೋಡ್ರೆಜ್ ಕಪಾಟಿನಿಂದ ಹಸಿರು ಸೀರೆ ತಂದಳು. ಸ್ಟೂಲಿನ ಮೇಲೆ ಕೂರಿಸಿದೆವು, ಚಾದರದಿಂದ ಎರಡಡಿ ಮುಂದೆ. ನಾನು ಐದಡಿ ದೂರ ನಿಂತು, ಅದುವರೆಗೆ ಕಲಿತ ಅಭ್ಯಾಸದಂತೆ ‘ಬಾಯಿ ಮುಚ್ಚು, ನೇರ ನೋಡು, ನಗಬೇಡ’ ಎಂದೆ. ‘ಇದು ಯಾವ ಸರಕಾರಕ್ಕೋ?’ ಎಂದು ಅಮ್ಮ ನಕ್ಕುಬಿಟ್ಟಳು. ಕನ್ನಡಕ ಮೂಗಿನಿಂದ ಜಾರಿತ್ತು. ತಲೆ ಎಡಕ್ಕೆ ವಾಲಿತ್ತು. ತೊಡೆಯ ಮೇಲಿದ್ದ ಮಗುವಿನ ಕಾಲು, ಅಂಗಾಲಿನ ಕರಿಬೊಟ್ಟಿನ ಸಮೇತ, ಕೆಳಗಿನ ಮೂಲೆಯಲ್ಲಿ ಬಂದಿತ್ತು. ಯಾವ ದೇಶದ ಕಚೇರಿಯೂ ಒಪ್ಪದ ಚಿತ್ರ.

ಅದನ್ನು ಎಂಟು ಅಂಗುಲ ಅಗಲ, ಹತ್ತು ಅಂಗುಲ ಉದ್ದಕ್ಕೆ ಅಚ್ಚು ಹಾಕಿಸಿ ತಂದುಕೊಟ್ಟೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಕಪಾಟಿನ ಮೇಲಿನ ಖಾನೆಯಲ್ಲಿ ತನ್ನ ಧಾರೆಸೀರೆಯ ಅಡಿ ಇರಿಸಿ, ಇರಿಸಿದ ಜಾಗವನ್ನು ಸೊಸೆಗೆ ತೋರಿಸಿದಳು. ಮಗಳೂ ಮಗುವೂ ಈಗ ಮಸ್ಕತ್ತಿನಲ್ಲಿದ್ದಾರೆ. ಉಳಿದ ಪಾಸ್‌ಪೋರ್ಟ್ ಫೋಟೊಗಳಲ್ಲಿ ಒಂದು ಅಳಿಯಂದಿರ ಪಾಕೀಟಿನಲ್ಲಿದೆ, ಒಂದು ನನ್ನ ರೈಲು ಪಾಸಿನ ಹಿಂದೆ.